ಎರವಲು ಹೋದ ದನಿ

ಇದು ನಡೆದದ್ದು, ಕಟ್ಟಿದ್ದಲ್ಲ. ಕಟ್ಟಿದ್ದು ಅಂತ ಇದರಲ್ಲಿ ಏನಾದರೂ ಇದ್ದರೆ ಅದು ಗಿರಣಿಯ ಹೆಂಗಸರು ದಾರಕ್ಕೆ ಕಟ್ಟಿದ ಅರಳೆಯ ಹಾರ ಒಂದೇ. ಆ ಬುಧವಾರ ಬೆಳಿಗ್ಗೆ ಅದು ದೇವದುರ್ಗದ ಶಾಸಕ ಮೌನಪ್ಪನ ಕೊರಳಿಗೆ ಬಿದ್ದಾಗ ಅವನಿಗೆ ಮೊದಲು ಬಂದದ್ದು ಸಂತೋಷವಲ್ಲ, ಸೀನು. ಸೀನಿದ ಮೇಲೆ ಬಂದದ್ದು ಸಂಶಯ. ತಾನು ಮಾಡಿದ ಕೆಲಸಗಳನ್ನು ಅವನು ಮನಸ್ಸಿನಲ್ಲೇ ಹಿಂದುಮುಂದಾಗಿ ತಿರುವಿ ನೋಡಿದ. ಹಾರ ಬೀಳುವಂಥದ್ದು ಒಂದೂ ಸಿಗಲಿಲ್ಲ.

“ಭೇಷ್ ಮಾತಾಡಿದ್ರಿ ಬಿಡ್ರಿ ಸಾಹೇಬ್ರ, ಫೋನಿನ್ಯಾಗ,” ಎಂದಳು ಮುದುಕಿ ಗೋಪಮ್ಮ, ಹಾರದ ಗಂಟನ್ನು ಅವನ ಹಿಂಗತ್ತಿನಲ್ಲಿ ಸರಿಮಾಡುತ್ತ. “ಸಾವ್ಕಾರ ಕುರ್ಚಿ ಬಿಟ್ಟು ಎದ್ದು ನಿಂತಿದ್ನಂತ. ದನಿ ಸಣ್ಣದಾದ್ರೂ ಹೆಂಗ ಚುಚ್ಚತದ ನೋಡ್ರಿ, ಡಬ್ಬಣದಂಗ.”

ಯಾವ ಫೋನು, ಎಂದು ಕೇಳಬೇಕಿತ್ತು. ಕೇಳಲು ಬಾಯಿ ತೆರೆದಾಗ ಅರಳೆಯ ಎಳೆಯೊಂದು ತುಟಿಗೆ ಅಂಟಿತು. ಅದನ್ನು ತೆಗೆಯುವಷ್ಟರಲ್ಲಿ ಕೇಳುವ ಹೊತ್ತು ಮೀರಿತು. ಬೇವಿನ ಗಿಡದ ಕೆಳಗೆ ಅವನ ಕ್ಷೇತ್ರದ ಮಸರಕಲ್ ಕಡೆಯಿಂದ ಹಂಗಾಮಿಗೆ ಬಂದ ಮುದುಕಿಯರು ಮೊಮ್ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಆ ಮಕ್ಕಳ ತಾಯಂದಿರು ರಾಯಚೂರಿನ ಪರಮಣ್ಣ ಸಾಹುಕಾರನ ಜಿನ್ನಿಂಗ್ ಗಿರಣಿಯ ಒಳಗೆ ಹತ್ತಿ ಹಸನು ಮಾಡುತ್ತಿದ್ದರು. ಬೆಳಗಿನ ಭೋಂಗಾ ಕೂಗಿ ಗೇಟು ಮುಚ್ಚಿತೆಂದರೆ ಸಂಜೆಯ ತನಕ ಅದು ಬಾಯಿ ಬಿಡದು. ಇದು ಆ ಗಿರಣಿ ಹುಟ್ಟಿದಾಗಿನಿಂದ ಬಂದ ಕಟ್ಟಳೆ. ಕೂಸು ಅತ್ತರೆ ಮುದುಕಿ ಅದನ್ನು ಗೇಟಿನ ಕಬ್ಬಿಣದ ಸಳಿಗಳ ಹತ್ತಿರ ಎತ್ತಿ ಹಿಡಿಯಬೇಕು. ಒಳಗಿನಿಂದ ತಾಯಿ ಸಳಿಗೆ ಎದೆಯೊತ್ತಿ ಹಾಲು ಕುಡಿಸಬೇಕು. ಕಾವಲುಗಾರ ಸಾಬಣ್ಣ ಅಷ್ಟು ಹೊತ್ತು ಆಕಾಶ ನೋಡಬೇಕು. ಆದರೆ ಸೋಮವಾರದಿಂದ ಗೇಟಿನ ಪಕ್ಕದ ದಿಡ್ಡಿ ಬಾಗಿಲು ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ ತೆರೆಯುತ್ತಿತ್ತಂತೆ. ತಾಯಂದಿರು ಹೊರಗೆ ಬಂದು ಗಿಡದ ನೆರಳಿನಲ್ಲಿ ಕೂತು, ಸೆರಗು ಹೊದ್ದು, ಮನುಷ್ಯರ ಹಾಗೆ ಹಾಲು ಕುಡಿಸಿ ಹೋಗುತ್ತಿದ್ದರಂತೆ. ಮೌನಪ್ಪ ದಿಡ್ಡಿಯನ್ನು ನೋಡಿದ. ಅದರ ಚಿಲಕಕ್ಕೆ ಹೊಸದಾಗಿ ಎಣ್ಣೆ ಹಚ್ಚಿದ್ದರು.

ಅವನು ಮಾಡಿದ್ದಿಷ್ಟೇ. ಹೋದ ಬುಧವಾರ ಸಾಹುಕಾರನ ಕೋಣೆಯಲ್ಲಿ, ಗುಮಾಸ್ತರು ಕೂರುವ ಬೆಂಚಿನ ತುದಿಗೆ ಕೂತು, “ಸಾವ್ಕಾರ್ರ, ಆ ದಿಡ್ಡೀದು ಸ್ವಲ್ಪ…” ಎಂದಿದ್ದ. ಪರಮಣ್ಣ ಚಾ ತರಿಸಿ, “ನಿಮ್ಮ ಕ್ಷೇತ್ರ ದೇವದುರ್ಗ ಅಲ್ಲೇನ್ರಿ? ರಾಯಚೂರಿನ ಗೇಟಿನ ಚಿಂತಿ ನಿಮಗ್ಯಾಕ. ಚಾ ಆರ್ತದ, ಕುಡೀರಿ,” ಎಂದಿದ್ದ. ಮೌನಪ್ಪ ಕುಡಿದಿದ್ದ. ಹೊರಗೆ ಬಂದಾಗ ಮುದುಕಿಯರೆಲ್ಲ ಅವನ ಮುಖಕ್ಕೆ ಕಣ್ಣು ನೆಟ್ಟಿದ್ದರು. “ಹೇಳೀನ್ರವ್ವಾ,” ಎಂದುಬಿಟ್ಟಿದ್ದ. ಆ ಒಂದು ಮಾತು ವಾರವೆಲ್ಲ ಅವನ ಹೊಟ್ಟೆಯಲ್ಲಿ ನುಂಗಿದ ಅಂಗಿಗುಂಡಿಯಂತೆ ಉಳಿದಿತ್ತು. ಈಗ ಅದೇ ಸುಳ್ಳು ಅರಳಿ ಅರಳೆಯಾಗಿ ಕೊರಳಿಗೆ ಬಂದಿತ್ತು.

ಕೈ ಮುಗಿದು, ಮೂಗು ಒರೆಸುವ ನೆವದಿಂದ ರಸ್ತೆ ದಾಟಿದ. ಗಿರಣಿಗೆ ಎದುರಾಗಿ ಗುಲಾಮ್ ರಸೂಲನ ಬಟ್ಟೆ ಅಂಗಡಿಯಿತ್ತು. ಒಂದು ಕರವಸ್ತ್ರ ಕೊಂಡು ಅರಳೆಯಿಂದ ಪಾರಾಗಬೇಕು, ಅಷ್ಟೇ ಅವನ ಯೋಚನೆ. ಬಾಗಿಲಿಗೆ ಇಳಿಬಿಟ್ಟ ಸೀರೆಗಳ ಹಿಂದೆ ಕಾಲಿಡುತ್ತಿದ್ದಂತೆ ಒಳಗಿನಿಂದ ತನ್ನದೇ ದನಿ ಕೇಳಿಸಿತು.

ಅವನ ದನಿ ತೆಳು. ತೆಳು ಅನ್ನುವುದು ಅವನ ಹೆಂಡತಿ ಮರ್ಯಾದೆಗೆ ಕೊಟ್ಟ ಹೆಸರು. ಮಾನ್ವಿಯಲ್ಲಿ ಶಾಲಾ ಮಾಸ್ತರನಾಗಿದ್ದಾಗ ಹುಡುಗರು ಅವನನ್ನು ಕೊಳಲು ಮಾಸ್ತರ ಅನ್ನುತ್ತಿದ್ದರು. ಬೆಂಗಳೂರಿನ ಟ್ರಂಕ್ ಕಾಲಿನ ಹುಡುಗಿ ಇವತ್ತಿಗೂ, “ಲೈನಲ್ಲೇ ಇರಿ ಅಮ್ಮಾ,” ಅನ್ನುತ್ತಾಳೆ. ವಿಧಾನಸಭೆಯಲ್ಲಿ ಮೊದಲ ಸಲ ಎದ್ದು ನಿಂತು ನದಿದಂಡೆಯ ಊರುಗಳ ಬಗ್ಗೆ ಒಂದು ಪ್ರಶ್ನೆ ಕೇಳಿದಾಗ, ಹಿಂದಿನ ಸಾಲಿನಿಂದ ಯಾರೋ, ಮೈಕಿಗೆ ನೆಗಡಿಯಾಗಿದೆ ಎಂದಿದ್ದರು. ಸಭೆ ನಕ್ಕಿತ್ತು. ಅವನೂ ನಕ್ಕಿದ್ದ, ನಗದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆಂದು. ಆಮೇಲೆ ಅವನು ಏಳಲಿಲ್ಲ. ಚುನಾವಣೆಯಲ್ಲಿ ಬೇರೆಯವರು ಭಾಷಣ ಮಾಡಿದ್ದರು, ಅವನು ಕೈ ಮುಗಿದಿದ್ದ. ಹೆಸರೇ ಮೌನಪ್ಪ ಆದದ್ದರಿಂದ ಜನ ಅದನ್ನು ಗುಣವೆಂದು ತಿಳಿದು ಓಟು ಹಾಕಿದ್ದರು. ಈಗ ಆ ಗುಣವನ್ನು ಯಾರೋ ಬಟ್ಟೆ ಅಂಗಡಿಯಲ್ಲಿ ಕೂತು ಹರಿದು ಹಾಕುತ್ತಿದ್ದರು.

ಸೀರೆಯ ಸಂದಿಯಿಂದ ನೋಡಿದ. ಗುಲಾಮ್ ರಸೂಲನ ಅಕ್ಕ ಖುರ್ಷೀದ್ ಬೇಗಂ, ಬಳೆಗಾರ್ತಿ, ಬಳೆಯ ಮಲಾರ ಬಿಚ್ಚಿಕೊಂಡು ಗಾದಿಯ ಅಂಚಿಗೆ ಕೂತಿದ್ದಳು. ಒಬ್ಬಳ ಕೈಗೆ ಹಸಿರು ಬಳೆ ಏರಿಸುತ್ತಿದ್ದಳು. ಸುತ್ತ ನಾಲ್ಕಾರು ಹೆಂಗಸರು. ಖುರ್ಷೀದ್ ಬೇಗಂ ಗಿರಣಿಯ ಭೋಂಗಾದಂತೆ ಕೂಗಿದರೆ ಸಾಬಣ್ಣ ಗೇಟು ತೆರೆಯಲು ಏಳುತ್ತಾನೆಂದು ಓಣಿಯಲ್ಲಿ ಪ್ರಸಿದ್ಧ. ಪೊಲೀಸರ ಕೆಮ್ಮು, ತಮ್ಮನ ಚೌಕಾಸಿ, ಪಕ್ಕದ ಓಣಿಯ ಹೊಲಿಗೆ ಮಿಷನ್ನು, ಎಲ್ಲ ಅವಳ ಗಂಟಲಿನಲ್ಲಿದ್ದವು.

“ಚುಪ್ ಬೈಠೋ ಆಪಾ,” ಎಂದ ಗುಲಾಮ್ ರಸೂಲ್, ಗಜಕೋಲಿನಿಂದ ರಸ್ತೆ ತೋರಿಸುತ್ತ. “ಸಾವ್ಕಾರಗ ಗೊತ್ತಾದ್ರ ನನ್ನ ಅಂಗಡಿ ಎತ್ತಸ್ತಾನ. ನಾ ಯಾಕರ ಫೋನಿನ ಕೀಲಿ ಕೊಟ್ಟೆನೋ ನಿನಗ.”

“ನೀ ಎಲ್ಲಿ ಕೊಟ್ಟಿ? ನೀ ನಮಾಜಿಗೆ ಹೋಗಿದ್ದಿ, ಅಂಗಡಿ ಅಂಗಿ ಗೂಟಕ್ಕಿತ್ತು, ಕಿಸೇದಾಗ ಕೀಲಿ,” ಎಂದಳು ಅವಳು. ಹೆಂಗಸರು ನಕ್ಕರು. “ಮುಂದ ಏನಂದಿ ಹೇಳವಾ,” ಎಂದು ಒಬ್ಬಳು ಮೊಣಕೈಯಿಂದ ತಿವಿದಳು. ಖುರ್ಷೀದ್ ಬೇಗಂ ಬೆನ್ನು ಬಗ್ಗಿಸಿದಳು. ಗದ್ದ ಒಳಗೆಳೆದುಕೊಂಡಳು. ಅವಳ ಹೆಗಲುಗಳು ಇಳಿದು, ಬೆಂಚಿನ ತುದಿಗೆ ಕೂತವನ ಹೆಗಲುಗಳಾದವು. ತನ್ನ ಬೆನ್ನನ್ನು ತಾನು ಯಾವತ್ತೂ ನೋಡಿರಲಿಲ್ಲವಲ್ಲ ಎಂದು ಮೌನಪ್ಪನಿಗೆ ಹೊಳೆಯಿತು.

“ಸಾವ್ಕಾರ್ರ, ನಾ ಮೌನಪ್ಪ ಮಾತಾಡಾಕತ್ತೀನಿ. ಏನಪಾ ಅಂದ್ರ…” ಇಲ್ಲಿ ಮೂಗು ಎಳೆದಳು. “ಏನಪಾ ಅಂದ್ರ, ಹೋದ ವಾರ ನಿಮ್ಮ ಚಾ ಕುಡದೆ. ಚಾದ ಜೋಡಿ ಮಾತೂ ಒಳಗ ಹೋತು. ಇವತ್ತ ಚಾ ಇಲ್ಲ, ಅದಕ್ಕ ಹೇಳ್ತೀನಿ. ದಿಡ್ಡಿ ತೆರೀರಿ. ತೆರೀಲಿಲ್ಲಂದ್ರ ಬರೂ ಬುಧವಾರ ನನ್ನ ಕಚೇರಿ ಗೆಸ್ಟ್‌ಹೌಸಿನಾಗ ಇಲ್ಲ, ನಿಮ್ಮ ಗೇಟಿನ ಮುಂದ ಅದ. ಬೇವಿನ ಗಿಡದ ಕೆಳಗ ಖುರ್ಚಿ ಹಾಕ್ತೀನಿ. ನಮ್ಮವ್ವ ದುರುಗಮ್ಮನ್ನೂ ಕರ್ಕೊಂಡು ಬರ್ತೀನಿ. ಇದ ಸಳಿಯಾಗ ನಮ್ಮವ್ವ ನನ್ನ ತಂಗಿಗಿ ಮೊಲಿ ಕೊಟ್ಟಾಳ. ಆ ಕೂಸಿನ್ನ ಎತ್ತಿ ಹಿಡದ ಕೈ ಇವು ಸಾವ್ಕಾರ್ರ. ಇನ್ನಾ ನೋಯ್ತಾವ.”

ಹೆಂಗಸರು ನಗಲಿಲ್ಲ. ಬಳೆ ಇಡಿಸಿಕೊಳ್ಳುತ್ತಿದ್ದವಳು ಕೈ ಹಿಂದೆಗೆದುಕೊಂಡು ಕಣ್ಣೊರೆಸಿಕೊಂಡಳು. ಸೀರೆಗಳ ಹಿಂದೆ ನಿಂತವನ ಎರಡೂ ತೋಳುಗಳಲ್ಲಿ, ಮೊಣಕೈಯಿಂದ ಹೆಗಲಿನವರೆಗೆ, ಹಳೆಯ ನೋವು ಸರಸರನೆ ಏರಿತು. ಅವನಿಗೆ ಆಗ ಎಷ್ಟು ವಯಸ್ಸೋ, ತಂಗಿ ಗಾತ್ರದಲ್ಲಿ ಅವನ ಅರ್ಧದಷ್ಟಿದ್ದಳು. ಸಳಿಗೆ ತುಕ್ಕಿನ ವಾಸನೆ, ಹಾಲಿನ ವಾಸನೆ. ಅವ್ವನ ಕೂದಲಿನ ತುಂಬ ಹತ್ತಿಯ ಧೂಳು, ಒಂದೇ ಮುಂಜಾನೆಗೆ ಮುದುಕಿಯಾದ ಹಾಗೆ. ಅವ್ವ ಇವನನ್ನು ನೋಡುತ್ತಿರಲಿಲ್ಲ, ಕಾವಲುಗಾರನನ್ನು ನೋಡುತ್ತಿದ್ದಳು. ಇನ್ನೊಂದೀಟು ಎತ್ತು ಯಪ್ಪಾ, ಇನ್ನೊಂದೀಟು. ಅವನು ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದ. ಇದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ, ಪ್ರಚಾರದಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ಓಟು ಹೆಚ್ಚು ಬರುತ್ತಿತ್ತೇನೋ. ನಾಚಿಕೆಯಾಗಿ ಹೇಳಿರಲಿಲ್ಲ. ಚಾದ ಸಂಗತಿ ಗುಮಾಸ್ತರ ಬಾಯಿಂದ ಓಣಿಗೆ ಬಂದಿರಬೇಕು. ಇದನ್ನು ಅವ್ವ ಯಾವಾಗಲೋ ಬಳೆ ಇಡಿಸಿಕೊಳ್ಳುತ್ತ ಇವಳಿಗೆ ಹೇಳಿದ್ದಾಳೆ. ಕೈ ಮತ್ತೊಬ್ಬರ ಕೈಯಲ್ಲಿದ್ದಾಗ ಬಾಯಿ ಸಡಿಲವಾಗುತ್ತದೆ. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ವಿಚಿತ್ರ ಹೊಟ್ಟೆಕಿಚ್ಚು: ತನ್ನ ದನಿ ತನಗಿಂತ ಚೆನ್ನಾಗಿ ಬದುಕುತ್ತಿದೆ. ಕರವಸ್ತ್ರ ಕೊಳ್ಳದೆ ಹೊರಗೆ ಹೊರಟ.

ಗೆಸ್ಟ್‌ಹೌಸಿನ ಜಗಲಿಯ ಮೇಲೆ ಬುಧವಾರದ ಜನ ಆಗಲೇ ಕೂತಿದ್ದರು. ಸೋಮವಾರ ದೇವದುರ್ಗದಲ್ಲಿ, ಬುಧವಾರ ರಾಯಚೂರಿನಲ್ಲಿ ಅವನು ಜನರನ್ನು ಕಾಣುತ್ತಿದ್ದ. ಸೋಮವಾರ ಕೇಳಿದ ದುಃಖಗಳನ್ನು ಅವನು ಬುಧವಾರ ಕಚೇರಿಯಿಂದ ಕಚೇರಿಗೆ ಹೊತ್ತು ತಿರುಗುವ ಪದ್ಧತಿ. ಮಸರಕಲ್ಲಿನ ಬೋರಿನ ಹಿಡಿಕೆ ಮುರಿದಿತ್ತು. ಒಬ್ಬ ವಿಧವೆಯ ಪಿಂಚಣಿ ಅವಳ ಹೆಸರಿನವಳೇ ಆದ ಇನ್ನೊಬ್ಬಳಿಗೆ ಹೋಗುತ್ತಿತ್ತು. ನದಿದಂಡೆಯ ಗೂಗಲ್ ಊರಿನಿಂದ ಬಂದವನು ದೋಣಿ ಸೋರುತ್ತದೆ ಎಂದ. “ನೋಡೋಣ್ರಿ,” ಎಂದ ಮೌನಪ್ಪ. ಅನ್ನುತ್ತಿದ್ದ ಹಾಗೆಯೇ ಆ ಮಾತು ಗಾದಿಯ ಅಂಚಿನಿಂದ, ಬಳೆಯ ಸದ್ದಿನೊಂದಿಗೆ ಬಂದ ಹಾಗೆ ಕೇಳಿಸಿತು. ಮೂಗು ಎಳೆಯಬಾರದೆಂದು ಉಸಿರು ಹಿಡಿದ. ಬೆನ್ನು ನೆಟ್ಟಗೆ ಮಾಡಿದ. ಅವಳು ಬಗ್ಗಿದ ರೀತಿ ನೆನಪಾಗಿ ಇನ್ನಷ್ಟು ನೆಟ್ಟಗೆ ಮಾಡಿದ. ಮಾತು ಶುರುಮಾಡಲು ಏನಪಾ ಅಂದ್ರ ಬಿಟ್ಟರೆ ಅವನಲ್ಲಿ ಬೇರೆ ಬಂಡವಾಳವಿರಲಿಲ್ಲ, ಅದನ್ನು ಅವಳು ಒಯ್ದಿದ್ದಳು. ಹಾಗಾಗಿ ಅವನು ಬಾಯಿ ಮುಚ್ಚಿ, ಒಬ್ಬೊಬ್ಬರನ್ನೂ ದುರುಗುಟ್ಟಿ ನೋಡುತ್ತ ಕೂತ. ಜನ ಹೆದರಿ ಮಾತು ಮುಗಿಸಿ ಬೇಗ ಬೇಗ ಎದ್ದರು. “ಇವತ್ತ ಸಾಹೇಬ್ರು ಖಡಕ್ ಅದಾರ,” ಎಂದು ಗೂಗಲ್ಲಿನವನು ಮೆಟ್ಟಿಲಿಳಿಯುತ್ತ ಪಕ್ಕದವನಿಗೆ ಹೇಳಿದ. “ದೋಣಿ ಆತು ಅಂತ ತಿಳಿ.”

ಊಟದ ಹೊತ್ತಿಗೆ ಗಿರಣಿಯ ಲೆಕ್ಕಿಗ ಮಹಮ್ಮದ್ ಹುಸೇನ್ ಸೈಕಲ್ಲಿನಿಂದ ಇಳಿದ. ಸಾಹುಕಾರರು ಕರೆಯುತ್ತಾರೆ ಎಂದ. ಕರೆದಲ್ಲಿಗೆ ಶಾಸಕ ಹೋಗಬೇಕೋ, ಶಾಸಕನಿದ್ದಲ್ಲಿಗೆ ಸಾಹುಕಾರ ಬರಬೇಕೋ ಎಂಬ ಪ್ರಶ್ನೆ ಮೌನಪ್ಪನ ಮನಸ್ಸಿನಲ್ಲಿ ಎದ್ದಿತು. ಅದು ಎದ್ದು ನಿಲ್ಲುವಷ್ಟರಲ್ಲಿ ಅವನ ಕಾಲುಗಳು ಚಪ್ಪಲಿ ಹುಡುಕಿಕೊಂಡಿದ್ದವು.

ಪರಮಣ್ಣ ಇವತ್ತು ಚಾ ತರಿಸಲಿಲ್ಲ. “ಕುಂಡ್ರಿ,” ಎಂದು ಅದೇ ಬೆಂಚು ತೋರಿಸಿದ. ಮೌನಪ್ಪ ಕೂರಲಿಲ್ಲ. ಕೂತರೆ ಆ ಹೆಗಲುಗಳು ಬರುತ್ತವೆ. “ಒಂದು ಮಾತು ಕಿವಿಗಿ ಬಿತ್ತು. ಎದುರಿನ ಬಳಿಗಾರ್ತಿ ನಿಮ್ಮ ಅಣಕ ಮಾಡ್ತಾಳಂತ. ಫೋನಿನ್ಯಾಗ ನನಗಂದ ಮಾತ ಅಕ್ಷರಕ್ಕಕ್ಷರ ಅಂಗಡ್ಯಾಗ ಆಡಿ ತೋರಸ್ತಾಳಂತ. ಅವತ್ತು ಮಾತಾಡಿದ್ದು ನೀವೋ ಆಕಿಯೋ?”

ಕಿಟಕಿಯಿಂದ ದಿಡ್ಡಿ ಕಾಣಿಸುತ್ತಿತ್ತು. ಅದರಾಚೆ ಗಿಡ, ಮುದುಕಿಯರು, ಯಾರದೋ ಕೂಸಿನ ಅಳು. ಮಧ್ಯಾಹ್ನದ ದಿಡ್ಡಿ ತೆರೆಯುವ ಹೊತ್ತು ಹತ್ತಿರವಾಗಿತ್ತು. ಸಾಬಣ್ಣ ಚಿಲಕದ ಹತ್ತಿರ ನಿಂತು ಸಾಹುಕಾರನ ಕಿಟಕಿಯ ಕಡೆಗೆ ನೋಡುತ್ತಿದ್ದ.

“ದನಿ ಯಾರದಿತ್ರಿ?” ಎಂದ ಮೌನಪ್ಪ.

“ನಿಮ್ಮದಿದ್ದಂಗಿತ್ತು.”

“ಹಂಗಾದ್ರ ನಂದ.”

ಪರಮಣ್ಣ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಕೋಟಿನ ಮೇಲೆ ಇನ್ನೂ ಅರಳೆ ಉಳಿದಿತ್ತು. “ಮುಖ ನೋಡಿದ್ರ ನನಗ ನಂಬಿಗಿ ಬರೂದಿಲ್ಲ. ಆ ಮಾತಾಡಿದ ಬಾಯಿ ಹಿಂಗಿರಂಗಿಲ್ಲ. ಒಂದು ಕೆಲಸ ಮಾಡ್ರಿ. ಎದುರಿನ ಅಂಗಡಿಯಿಂದ ಫೋನ್ ಮಾಡ್ರಿ, ಅವತ್ತಿನಂಗ. ಹುಸೇನ್ ನಿಮ್ಮ ಬಾಜೂಕ ನಿಂದ್ರತಾನ. ಅದ ದನಿ, ಅದ ಮಾತು ಬಂದ್ರ ದಿಡ್ಡಿ ತೆರೆದ ಇರ್ತದ. ಇಲ್ಲಾಂದ್ರ ಈಗಿಂದೀಗ ಮುಚ್ಚಸ್ತೀನಿ, ಆ ಬಳಿಗಾರ್ತಿನ್ನ ಠಾಣೆಕ್ಕ ಕಳಸ್ತೀನಿ.”

ರಸ್ತೆ ದಾಟುವುದಕ್ಕೆ ಎಷ್ಟು ಹೊತ್ತು ಬೇಕು. ಎತ್ತಿನ ಗಾಡಿಯೊಂದು ಹತ್ತಿ ತುಂಬಿಕೊಂಡು ಅಡ್ಡ ಬಂತು, ಅದು ಹೋಗುವ ತನಕ ನಿಂತ. ತನ್ನ ದನಿಯ ಪರೀಕ್ಷೆಗೆ ತಾನೇ ಹೊರಟವನು ಈ ಭೂಮಿಯ ಮೇಲೆ ಬೇರೆ ಯಾರಾದರೂ ಇದ್ದಾರೆಯೆ? ನಪಾಸಾದರೆ ತಾನು ತಾನಲ್ಲ ಎಂದು ಸಾಹುಕಾರ ತೀರ್ಪು ಕೊಡುತ್ತಾನೆ. ಅಷ್ಟಾದರೆ ಚಿಂತೆಯಿಲ್ಲ, ಅನೇಕ ವರ್ಷ ಹಾಗೆಯೇ ಕಳೆದಾಗಿದೆ. ಆದರೆ ಗಿಡದ ಕೆಳಗಿನ ಅಳು ರಸ್ತೆಯ ಅರ್ಧದವರೆಗೂ ಅವನ ಹಿಂದೆಯೇ ಬಂದಿತ್ತು.

ಅವನನ್ನೂ ಹಿಂದೆ ಲೆಕ್ಕಿಗನನ್ನೂ ಕಂಡು ಗುಲಾಮ್ ರಸೂಲ್ ಗಜಕೋಲು ಕೆಳಗಿಟ್ಟ. ಖುರ್ಷೀದ್ ಬೇಗಂ ಗೋಣು ತಗ್ಗಿಸಿ ಬಳೆಗಳನ್ನು ಬಣ್ಣಕ್ಕೆ ಬಣ್ಣ ಸೇರಿಸುತ್ತ ಕೂತಳು. “ಫೋನ್ ಮಾಡಬೇಕು. ಕೀಲಿ ತೆಗೀರಿ,” ಎಂದ ಮೌನಪ್ಪ. ಗುಲಾಮ್ ರಸೂಲ್ ಅಂಗಿಯ ಕಿಸೆಯಿಂದ ಸಣ್ಣ ಕೀಲಿ ತೆಗೆದು, ಡಯಲಿಗೆ ಹಾಕಿದ ಬೀಗ ಬಿಚ್ಚುವಾಗ ತುಟಿಯಲ್ಲಿ ಏನೋ ಪ್ರಾರ್ಥಿಸಿದ. ಮಹಮ್ಮದ್ ಹುಸೇನ್ ಕೈಕಟ್ಟಿ ಪಕ್ಕಕ್ಕೆ ನಿಂತ.

ರಿಂಗಾಯಿತು. ಆ ಕಡೆಯಿಂದ ಪರಮಣ್ಣನ ಹಲೋ ಬಂತು. ಮೌನಪ್ಪ ಬಾಯಿ ತೆರೆದ. ಏನೂ ಬರಲಿಲ್ಲ. ತನ್ನ ದನಿಯಲ್ಲಿ ಮಾತಾಡಬೇಕೆಂದು ಯತ್ನಿಸಿದಷ್ಟೂ ಅದು ಎಲ್ಲಿದೆ ಎಂಬುದೇ ಮರೆತುಹೋಯಿತು. ಕಣ್ಣು ಬಳೆಗಾರ್ತಿಯ ಮೇಲೆ ಬಿತ್ತು. ಅವಳು ಬೆಳಿಗ್ಗೆ ಕೂತಿದ್ದ ರೀತಿ ನೆನಪಿಗೆ ಬಂತು: ಮೊದಲು ಹೆಗಲು, ಆಮೇಲೆ ಗದ್ದ. ಅವನು ಹೆಗಲು ಇಳಿಸಿದ. ಗದ್ದ ಒಳಗೆಳೆದುಕೊಂಡ. ಖುರ್ಷೀದ್ ಬೇಗಂ ಮೌನಪ್ಪನ ಅಣಕ ಮಾಡುವುದನ್ನು ಮೌನಪ್ಪ ಅಣಕ ಮಾಡತೊಡಗಿದ.

“ಸಾವ್ಕಾರ್ರ, ನಾ ಮೌನಪ್ಪ ಮಾತಾಡಾಕತ್ತೀನಿ. ಏನಪಾ ಅಂದ್ರ… ಏನಪಾ ಅಂದ್ರ, ಹೋದ ವಾರ ನಿಮ್ಮ ಚಾ ಕುಡದೆ.” ದನಿ ಬಂತು. ತೆಳ್ಳಗೆ, ನೆಟ್ಟಗೆ, ಸೂಜಿಯಂತೆ. ಚಾದ ಜೋಡಿ ಒಳಗೆ ಹೋದ ಮಾತು ಹೊರಗೆ ಬಂತು, ದಿಡ್ಡಿ ಬಂತು, ಖುರ್ಚಿ ಬಂತು. ಅವ್ವನ ಹೆಸರು ಬಂದಾಗ ಅದು ಎರವಲು ದನಿ ಎಂಬುದು ಅವನಿಗೆ ಮರೆತುಹೋಯಿತು. “ಆ ಕೂಸಿನ್ನ ಎತ್ತಿ ಹಿಡದ ಕೈ ಇವು ಸಾವ್ಕಾರ್ರ. ಇನ್ನಾ ನೋಯ್ತಾವ.” ಅಲ್ಲಿಗೆ ಅವಳ ಪಾಠ ಮುಗಿದಿತ್ತು. ಮೌನಪ್ಪ ಫೋನ್ ಇಡಬಹುದಿತ್ತು. ಇಡಲಿಲ್ಲ. ಗಂಟಲಿನಲ್ಲಿ ಇನ್ನೂ ಇತ್ತು.

“ಇಷ್ಟು ಅವತ್ತಿಂದು. ಇನ್ನ ಇವತ್ತಿಂದು ಕೇಳ್ರಿ. ತೆರೀಲಿಲ್ಲಂದ್ರ ಬರ್ತೀನಿ ಅಂದಿದ್ದೆ. ಈಗ ಹೇಳ್ತೀನಿ, ತೆರೆದ್ರೂ ಬರ್ತೀನಿ. ಇನ್ನಮ್ಯಾಲೆ ಬುಧವಾರಕ್ಕೊಮ್ಮೆ ನನ್ನ ಕಚೇರಿ ಆ ಗಿಡದ ಕೆಳಗ. ಕೂಸುಗಳ ಮ್ಯಾಲೆ ನೆರಳಿಗಿ ಒಂದು ತಗಡಿನ ಚಪ್ಪರ ಹಾಕಸ್ರಿ, ಜನ ಬರ್ತಾರ, ನಿಮ್ಮ ಹೆಸರು ಕೇಳ್ತಾರ. ಚಪ್ಪರ ಹಾಕಿಸಿದವ್ರು ಯಾರಂತ ಕೇಳಿದ್ರ ಪರಮಣ್ಣ ಸಾವ್ಕಾರ್ರು ಅಂತೀನಿ. ಹಾಕ್ಸದಿದ್ದವ್ರು ಯಾರಂತ ಕೇಳಿದ್ರೂ ಅದ ಹೆಸರು ಹೇಳ್ತೀನಿ. ನನಗ ಎರಡೂ ಒಂದ.”

ಆ ಕಡೆ ಕುರ್ಚಿ ಹಿಂದಕ್ಕೆ ಸರಿದ ಸದ್ದು ಬಂತು. ಆಮೇಲೆ, “ಸಾಕ್ರಿ, ಸಾಕು. ಇದ ದನಿ. ಎದುರಿಗಿದ್ದಾಗ ಎಲ್ಲಿ ಇಟ್ಟಿರತೀರಪಾ ಇದನ್ನ?” ಎಂದ ಪರಮಣ್ಣ. “ಹುಸೇನಗ ಬಾ ಅನ್ರಿ. ಬರ್ತಾ ಸಾಬಣ್ಣಗ ದಿಡ್ಡಿ ತೆಗಿ ಅನ್ನು ಅಂತ ಹೇಳ್ರಿ. ತಗಡಿಂದು ನೋಡೋಣ್ರಿ.”

“ನೋಡೋಣ್ರಿ ಅನ್ನೂದು ನನ್ನ ಮಾತು. ನೀವು ಹಾಕಸ್ತೀನಿ ಅನ್ರಿ.”

“ಹಾಕಸ್ತೀನಿ ಮಾರಾಯ್ರ,” ಎಂದು ಪರಮಣ್ಣ ಫೋನಿಟ್ಟ.

ಮಹಮ್ಮದ್ ಹುಸೇನ್ ರಸ್ತೆ ದಾಟಿದ. ಎಣ್ಣೆ ಹಚ್ಚಿದ ಚಿಲಕ ಸದ್ದಿಲ್ಲದೆ ಸರಿಯಿತು. ತಲೆತುಂಬ ಹತ್ತಿಯ ಧೂಳು ಹೊತ್ತ ಎಳೆಯ ಹೆಂಗಸರು ಒಬ್ಬೊಬ್ಬರಾಗಿ ತಲೆ ಬಗ್ಗಿಸಿ ದಿಡ್ಡಿ ದಾಟಿ, ಹೊರಗೆ ಬಂದು ತಲೆ ಎತ್ತಿ, ಗಿಡದ ಕಡೆಗೆ ಓಡಿದರು. ಮೌನಪ್ಪ ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡಿದ. ಹಿಡಿದದ್ದನ್ನು ಯಾರೋ ಈಸಿಕೊಂಡು ಹೋದ ಹಾಗೆ ಅವನ ತೋಳುಗಳು ಹಗುರಾದವು.

ಸೀರೆಗಳ ಹಿಂದೆ ಅಂಗಡಿಯೊಳಗೆ ತಿರುಗಿ ಬಂದಾಗ ಖುರ್ಷೀದ್ ಬೇಗಂ ಎದ್ದು ನಿಂತಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ಸಾಹೇಬ್ರ, ತಪ್ಪಾತ್ರಿ. ನಿಮ್ಮನ್ನ ಕೇಳದ ನಿಮ್ಮ ದನಿ ಒಯ್ದೆ.”

“ಹ್ಞೂಂ,” ಎಂದ ಮೌನಪ್ಪ, ಆದಷ್ಟು ಖಡಕ್ಕಾಗಿ.

“ಬೈಯೂದಿದ್ರ ಬೈರಿ. ಆದ್ರ ಒಂದು ಮಾತು ಹೇಳಲೇನ್ರಿ?”

“ಹೇಳವಾ.”

“ಎಲ್ಲಾ ಬರೋಬ್ಬರಿ ಮಾಡಿದ್ರಿ. ಖರೇ ಹೇಳ್ತೀನಿ, ಕಣ್ಣು ಮುಚ್ಚಿದ್ರ ನಾನ ಅನಸ್ತು. ಆದ್ರ ಏನಪಾ ಅಂದ್ರ ಅಂದಮ್ಯಾಲೆ ಮೂಗು ಎಳೀತಾರ್ರೀ ಮೌನಪ್ಪ ಸಾಹೇಬ್ರು. ಅದನ್ನ ಮರ್ತ್ರಿ. ಸಾವ್ಕಾರಗ ತಿಳೀಲಿಲ್ಲ, ನಮ್ಮ ನಸೀಬು.”

ಗುಲಾಮ್ ರಸೂಲ್ ತಲೆಯ ಮೇಲೆ ಕೈ ಹೊತ್ತು ಗಾದಿಗೆ ಕುಸಿದ. ಮೌನಪ್ಪನ ಹೊಟ್ಟೆಯ ಅಡಿಯಿಂದ, ವಾರದಿಂದ ಆ ಗುಂಡಿ ಕೂತಿದ್ದ ಜಾಗದಿಂದ, ಏನೋ ಹೊರಟು ಮೇಲೆ ಬಂತು. ಮೂಗು ಎಳೆಯಲು ನೋಡಿದ, ಆಗಲಿಲ್ಲ. ನಗು ಒಡೆಯಿತು. ಸಭೆಯಲ್ಲಿ ಜನರೊಂದಿಗೆ ಸೇರಿ ನಕ್ಕಿದ್ದ ಆ ನಗುವಲ್ಲ ಇದು. ತೆಳ್ಳಗೆ ಏರಿ, ಕೊಳಲಿನ ಕೊನೆಯ ತೂತಿನಿಂದ ಹೊರಟಂತೆ, ಇಳಿಬಿಟ್ಟ ಸೀರೆಗಳನ್ನು ದಾಟಿ ಬೀದಿಗೆ ಬಿತ್ತು. ಖುರ್ಷೀದ್ ಬೇಗಂ ನಕ್ಕಳು, ಅವಳ ತಮ್ಮ ನಕ್ಕ, ಆದರೆ ಇಬ್ಬರ ನಗುವೂ ಅವನ ನಗುವಿನ ಮೊಣಕಾಲಿನವರೆಗೂ ಏರಲಿಲ್ಲ.

ರಸ್ತೆಯ ಆಚೆ, ಗಿಡದ ಕೆಳಗೆ, ಗೋಪಮ್ಮ ಮೊಮ್ಮಗನನ್ನು ತಾಯಿಯ ಮಡಿಲಿಗೆ ಹಾಕಿ ಗಾಬರಿಯಿಂದ ತಿರುಗಿ ನೋಡಿದಳು.

“ಏ ಖುರ್ಷೀದವ್ವಾ, ಅಣಕ ಸಾಕ್ ಮಾಡವಾ,” ಎಂದು ಕೂಗಿದಳು. “ಸಾಹೇಬ್ರು ಇಲ್ಲೇ ಎಲ್ಯಾರ ಇರ್ತಾರ. ಕೇಳಿದ್ರ ಏನ್ ತಿಳ್ಕೊಂಡಾರು.”

ಮೌನಪ್ಪ ಕೇಳಿದ. ಗಿರಣಿಯ ಗರಗರ ಮುಳುಗಿಹೋಗುವ ಹಾಗೆ, ಇನ್ನೂ ಒಂದು ಏರು ದನಿಯಲ್ಲಿ ನಕ್ಕ.